ನೀರು ಕುಡಿದ ಕೇಬಲ್ಲು

ಮಾವನ ಮೀಟರಿಗೆ ಮಳೆ ಎಂದರೆ ಎಲ್ಲಿಲ್ಲದ ಪ್ರೀತಿ. ಬಿಸಿಲಿನಲ್ಲಿ ಒಂದಿಷ್ಟು ಏರಿ ನಿಲ್ಲುವ ಮುಳ್ಳು, ನಾಲ್ಕು ದಿನ ಮಳೆ ಹಿಡಿದರೆ ಸೊನ್ನೆಗಿಳಿದು ತೆಪ್ಪಗೆ ಕೂರುತ್ತಿತ್ತು. ತಾರಸಿಯ ಆಂಟೆನಾಕ್ಕೆ ಕೇಬಲ್ಲಿನಲ್ಲಿ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸು ಬಂತೆಂದು ತೋರಿಸುವ ಮೀಟರ್ ಅದು. ಮುಳ್ಳು ಕೆಳಗಿದ್ದಷ್ಟೂ ಒಳ್ಳೆಯದು. ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿ, ಹವ್ಯಾಸಿ ರೇಡಿಯೊದವರಲ್ಲೆಲ್ಲ ಹಿರಿಯರೆನಿಸಿಕೊಂಡ ಮಾವ, "ನೋಡಮ್ಮ, ಒಂಚೂರೂ ವಾಪಸ್ ಬರ್ತಿಲ್ಲ. ಎಲ್ಲಾ ಮೇಲಕ್ಕೇ ಹೋಗ್ತಿದೆ" ಎಂದು ಮೀಸೆಯಡಿಯಲ್ಲೇ ನಗುತ್ತಿದ್ದರು.

ಎಲ್ಲಾ ಮೇಲಕ್ಕೇ ಹೋಗುತ್ತಿದ್ದರೆ ಅಕ್ಕನಿಗೆ ಯಾಕೆ ಕೇಳಿಸುತ್ತಿಲ್ಲ? ಸೊಸೆಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ಸೊಸೆಯ ಅಕ್ಕ ನಡುಗಡ್ಡೆಯೊಂದರ ಹವಾಮಾನ ಠಾಣೆಯಲ್ಲಿದ್ದಳು. ಏಳು ವರ್ಷ ಅರ್ಜಿ ಹಾಕಿ ಹಾಕಿ ಗಿಟ್ಟಿಸಿಕೊಂಡ ಮುಖ್ಯಸ್ಥೆಯ ಹುದ್ದೆ. ಅವಳು ಹೋದ ಒಂದು ತಿಂಗಳಿಗೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆ ಸುದ್ದಿ ಅಕ್ಕನಿಗೆ ತಲುಪಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಆಪರೇಷನ್ ಚೆನ್ನಾಗಿ ಆಯಿತೆಂಬ ಸುದ್ದಿ ಮಾತ್ರ ತಲುಪಲಿಲ್ಲ. ಅಲ್ಲಿಗೆ ಫೋನಿಲ್ಲ. ಇಲಾಖೆಯ ವೈರ್‌ಲೆಸ್‌ನಲ್ಲಿ ಕಳಿಸಿ ಎಂದು ಕೊಟ್ಟ ಚೀಟಿ ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತೋ! ಅಕ್ಕತಂಗಿಯರಿಬ್ಬರೂ ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದವರಾದ್ದರಿಂದ ದಿನಾ ಸಂಜೆ ಐದೂವರೆಗೆ ಮಾತಾಡುವ ರೂಢಿ. ಅಕ್ಕನದು ದೊಡ್ಡ ಸೆಟ್ಟು, ಅವಳ ದನಿ ಕ್ಷೀಣವಾಗಿಯಾದರೂ ಬರುತ್ತಿತ್ತು. ಇವಳದು ಪುಟ್ಟ ಸೆಟ್ಟು. ಗಂಟಲು ಹರಿದುಕೊಂಡರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಶುಕ್ರವಾರ ಅಕ್ಕ ಹೇಳಿಯೇಬಿಟ್ಟಳು:

"ನಿಂಗೆ ಕೇಳಿಸ್ತಿದ್ಯೋ ಇಲ್ವೋ ಗೊತ್ತಿಲ್ಲ ಕಣೇ. ನಾಳೆ ಸಂಜೆ ಒಳಗೆ ಅಮ್ಮನ ಸುದ್ದಿ ಬರದಿದ್ರೆ ಭಾನುವಾರದ ದೋಣೀಲಿ ಹೊರಟು ಬರ್ತೀನಿ. ಹುದ್ದೆ ಹೋದ್ರೆ ಹಾಳಾಗಿ ಹೋಗ್ಲಿ."

ಅಮ್ಮನೋ, ಇಲ್ಲೇ ಸೊಸೆಯ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ವಾಕರ್ ಹಿಡಿದು ಓಡಾಡುತ್ತ, ಕಾಫಿಗೆ ಸಕ್ಕರೆ ಕಮ್ಮಿಯಾಯಿತೆಂದು ಜಗಳ ತೆಗೆಯುವಷ್ಟು ಗಟ್ಟಿಯಾಗಿದ್ದಳು!

ಸೊಸೆ ರೇನ್‌ಕೋಟ್ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವವಳು. ಶನಿವಾರ ಬೆಳಗ್ಗೆ ಹೊಸ ಕೋಟೊಂದನ್ನು ಗೊಂಬೆಗೆ ತೊಡಿಸಿ ನೀರು ಬಿಟ್ಟರು. ಒಳಗಿಟ್ಟ ತಟ್ಟೆಗೆ ಒಂದು ಹನಿಯೂ ಬೀಳಲಿಲ್ಲ. "ಪಾಸ್!" ಎಂದಳು ಹೊಸಬಳು. ಸೊಸೆ ಕೋಟಿನೊಳಗೆ ಕೈ ಹಾಕಿದರೆ ಅಸ್ತರು ತೊಪ್ಪೆಯಾಗಿತ್ತು. ಸೋರಿದ ನೀರನ್ನೆಲ್ಲ ಅದೇ ಕುಡಿದು ಕೂತಿತ್ತು. ಕೈ ಇನ್ನೂ ಒಳಗಿರುವಾಗಲೇ ಸೊಸೆಗೆ ಮಾವನ ಮೀಟರು ನೆನಪಾಯಿತು. ಆಮೇಲೆ ಅರ್ಧ ದಿನದ ಗಂಟೆ ಹೊಡೆಯುವುದನ್ನೇ ಕಾಯ್ದು ಮನೆಗೆ ಓಡಿದಳು.

"ಮಾವ, ವಾಪಸ್ ಬರ್ಲಿಲ್ಲ ಅಂದ ಮಾತ್ರಕ್ಕೆ ಮೇಲೆ ಹೋಯ್ತು ಅಂತ ಹೇಗೆ ಹೇಳ್ತೀರಿ? ದಾರೀಲಿ ಕೇಬಲ್ಲೇ ನುಂಗಿದ್ರೆ?"

"ನಾನು ರೇಡಿಯೊ ಬಿಚ್ಚೋಕೆ ಶುರು ಮಾಡಿದಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲಮ್ಮ."

"ಹುಟ್ಟಿರ್ಲಿಲ್ಲ, ಒಪ್ಕೊಂಡೆ. ನಾನು ಮೇಲೆ ಹೋಗಿ ಆಂಟೆನಾದಿಂದ ಕೇಬಲ್ ಬಿಚ್ತೀನಿ, ನೀವಿಲ್ಲಿ ಸ್ವಲ್ಪವೇ ಪವರ್ ಕೊಟ್ಟು ನೋಡಿ. ತುದೀಲಿ ಏನೂ ಇಲ್ದಿದ್ರೆ ಕಳಿಸಿದ್ದೆಲ್ಲ ವಾಪಸ್ ಬರ್ಬೇಕು ತಾನೆ?"

"ಬರ್ದೆ ಇನ್ನೇನು? ಮುಳ್ಳು ಆ ತುದಿಗೆ ಹೋಗಿ ಬಡಿಯುತ್ತೆ."

ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಸೊಸೆ ತಾರಸಿಗೆ ಹತ್ತಿ, ಜೋಡಣೆಗೆ ಸುತ್ತಿದ್ದ ಕಪ್ಪು ಟೇಪು ಕತ್ತರಿಸಿದಳು. ತಣ್ಣನೆಯ ನೀರು ಮೊಣಕೈವರೆಗೂ ಇಳಿಯಿತು. ಕೇಬಲ್ ಬಿಚ್ಚಿ ಕೂಗಿದಳು, "ಬಿಚ್ಚಿದೆ ಮಾವ! ಮುಳ್ಳೆಲ್ಲಿದೆ?"

ಇನ್ನೊಮ್ಮೆ ಕೂಗಿದಳು. ಸ್ವಲ್ಪ ಹೊತ್ತಿಗೆ ಮಂಡಿನೋವಿನ ಮಾವನೇ ಗೋಡೆ ಹಿಡಿದು ಮೆಟ್ಟಿಲೇರಿ ಬಂದರು. ಮುಖ ಪೆಚ್ಚಾಗಿತ್ತು.

"ಅಲ್ಲಾಡ್ಲೇ ಇಲ್ಲಮ್ಮ. ಆಂಟೆನಾನೇ ಇಲ್ಲ, ಆದ್ರೂ ಸೊನ್ನೆ ತೋರಿಸ್ತಿದೆ. ಇಷ್ಟು ದಿನ ಇದನ್ನ ನೋಡಿ ಬೀಗ್ತಿದ್ನಲ್ಲ ನಾನು!"

ಸೊಸೆ ಟೇಪು ತೋರಿಸಿದಳು. ಮೇಲಿನಿಂದ ಕೆಳಕ್ಕೆ ಸುತ್ತಿದ್ದರಿಂದ ಪ್ರತಿ ಸುತ್ತಿನ ಅಂಚೂ ಆಕಾಶಕ್ಕೆ ಬಾಯಿ ತೆರೆದಿತ್ತು. ಹನಿ ಹನಿಯೂ ಅಲ್ಲಿಂದ ಇಳಿದಿತ್ತು, ಕೇಬಲ್ಲಿನೊಳಗೆ ಹೆಣೆದ ತಾಮ್ರದ ಎಳೆಗಳು ದೀಪದ ಬತ್ತಿಯ ಹಾಗೆ ಅದನ್ನು ಹೀರಿಕೊಂಡಿದ್ದವು. ಕತ್ತರಿಸಿದಲ್ಲೆಲ್ಲ ಹಸಿರು ಕಿಲುಬು. ಸುತ್ತಿದವರು ಯಾರೆಂದು ಸೊಸೆ ಕೇಳಲಿಲ್ಲ.

"ನಾನೇ ಸುತ್ತಿದ್ದು," ಎಂದರು ಮಾವ. ಕೆಳಗಿಳಿದು ಹೋಗಿ, ಮಂಚದಡಿಯಿಂದ ಬಿಚ್ಚದ ಕೇಬಲ್ ಸುರುಳಿಯೊಂದನ್ನು ಎಳೆದು ತಂದರು. ಮುಂದೊಂದು ದಿನ ಎತ್ತರದ ಕಂಬ ನೆಡುವ ಆಸೆಗೆ, ಯಾರೂ ಮುಟ್ಟಕೂಡದೆಂದು ವರ್ಷಗಟ್ಟಲೆ ಕಾಯ್ದಿಟ್ಟಿದ್ದ ಸರಕು. ಸೊಸೆಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ತಗೋ. ಟೇಪು ಮಾತ್ರ ನೀನೇ ಸುತ್ತು."

ಮಾವ ಬೆಸುಗೆ ಹಾಕಿದರು. ಸೊಸೆ ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಹೆಂಚು ಕೂರಿಸುವ ಹಾಗೆ ಟೇಪು ಸುತ್ತಿದಳು. ಕೊನೆಯ ಸುತ್ತು ಒತ್ತುವಾಗ ಐದೂ ಇಪ್ಪತ್ತು, ಆಗಲೇ ಮಳೆ ಧೋ ಎಂದು ಸುರಿಯತೊಡಗಿತು. ಸುರಿ ಮಾರಾಯ, ಎಷ್ಟು ಸುರಿಯುತ್ತೀಯೋ ಸುರಿ!

ಐದೂವರೆಗೆ ಅಕ್ಕನ ದನಿ ಬಂತು. ಕ್ಷೀಣವಾಗಿ ಅಲ್ಲ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ. ಸೊಸೆ ಒದ್ದೆ ಬಟ್ಟೆಯಲ್ಲೇ ಮೈಕಿನ ಗುಂಡಿ ಒತ್ತಿದಳು.

"ಅಕ್ಕಾ, ಆಪರೇಷನ್ ಆಯ್ತು! ಅಮ್ಮ ನಡೀತಿದಾಳೆ! ಕೇಳಿಸ್ತಾ?"

ಒಂದು ಕ್ಷಣ ಬರೀ ಗೊರಗೊರ. ಮಾವ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಕೇಳಿಸ್ತು! ಕೇಳಿಸ್ತು ಕಣೇ!" ಅಕ್ಕ ಅಳುತ್ತಿದ್ದಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿಲ್ಲ ತಾನೆ? ಗಂಟುಮೂಟೆ ಕಟ್ಟಿಟ್ಟಿದೀನಿ."

ವಾಕರಿನ ಟಕ್ ಟಕ್ ಸದ್ದು ಬಾಗಿಲಿಗೆ ಬಂತು. ಅಮ್ಮ ಬಂದವಳೇ ಮೈಕು ಕಿತ್ತುಕೊಂಡಳು.

"ಏನೇ, ಕೆಲಸ ಬಿಟ್ಟು ಬರ್ತೀಯಂತೆ? ನನ್ ಸೊಂಟ ಕೂಡ್ಕೊಂಡಿದೆ, ನೀನು ಬಂದ್ರೆ ನಿನ್ ಕಾಲು ಮುರೀತೀನಿ!"

ಅತ್ತಲಿಂದ ಅಕ್ಕನ ನಗು ಸ್ಪೀಕರ್ ಒಡೆಯುವ ಹಾಗೆ ಬಂತು. "ಸರಿಯಮ್ಮ, ಗಂಟು ಬಿಚ್ತೀನಿ. ನಾನೆಲ್ಲೂ ಬರಲ್ಲ."