ಸಿಡಿಲಣ್ಣನ ತಮ್ಮ

ಸಂಡೂರಿನ ಆ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬಂತೆಂದರೆ ಜನ ಪೋಸ್ಟರಿನಲ್ಲಿ ನಾಯಕನ ಮುಖ ನೋಡುತ್ತಿರಲಿಲ್ಲ. ಕೆಳಗೆ ಕೆಂಪು ಅಕ್ಷರದಲ್ಲಿ 'ಕಥೆ ಹೇಳುವವರು ಉಚ್ಚೆಂಗಪ್ಪ' ಎಂದು ಬರೆದಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು. ಇದ್ದರೆ ಟಿಕೆಟ್ಟಿನ ಸಾಲಿಗೆ, ಇಲ್ಲದಿದ್ದರೆ ಮನೆಗೆ.

ಉಚ್ಚೆಂಗಪ್ಪ ಅಲ್ಲಿ ಗೇಟ್ ಕಾಯುವವನು. ಅದಕ್ಕೂ ಮುಂಚೆ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದ್ದ. ಅವನ ಇಂಗ್ಲಿಷು ಬಿಸಿನೀರು, ಬಾಳೆಹಣ್ಣಿನ ದೋಸೆ, ಹೊಸಪೇಟೆ ಬಸ್ಸಿನ ವೇಳೆ, ಇಷ್ಟರ ಸುತ್ತಲೇ ತಿರುಗುತ್ತಿತ್ತು. ತೆಲುಗಿಗೆ ಡಬ್ ಆದ ಪ್ರಿಂಟುಗಳು ಹೊಸಪೇಟೆಯಲ್ಲೇ ಓಡಿ ಸವೆಯುತ್ತಿದ್ದವು. ಸಂಡೂರಿನ ಪಾಲಿಗೆ ಬರುತ್ತಿದ್ದದ್ದು ಯಾರಿಗೂ ಬೇಡವಾದ ಇಂಗ್ಲಿಷ್ ಪ್ರಿಂಟು. ಪರದೆಯ ಪಕ್ಕದಲ್ಲಿ ಸ್ಟೂಲ್ ಹಾಕಿ, ಮೈಕ್ ಹಿಡಿದು, ಅವನು ಅರ್ಥವಾದದ್ದನ್ನು ಹೇಳುತ್ತಿದ್ದ, ಆಗದ್ದನ್ನು ಕಟ್ಟುತ್ತಿದ್ದ. ಮೈಯೊಳಗೆ ಮಿಂಚು ತುಂಬಿಕೊಂಡು ಹಾರುವ ಆ ವೀರನ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಉಚ್ಚೆಂಗಪ್ಪ 'ಸಿಡಿಲಣ್ಣ' ಎಂದ. ಅದೇ ಊರಿಗೆಲ್ಲ ನಿಂತಿತು.

ಸಿಡಿಲಣ್ಣನ ಮೊದಲ ಭಾಗ ಬಂದದ್ದು ಎರಡು ವರ್ಷದ ಹಿಂದೆ. ಅದರ ಕೊನೆಯಲ್ಲಿ ಅವನ ಒಡಹುಟ್ಟಿದ ತಮ್ಮ ದೊಡ್ಡ ಸೇತುವೆಯ ಮೇಲಿಂದ ನದಿಗೆ ಬೀಳುತ್ತಾನೆ. ಅವನು ಬಿದ್ದ ಕ್ಷಣ ಹೆಂಗಸರ ಬೆಂಚಿನಿಂದ ಒಂದು ದನಿ ಬಂತು. ಅಳುವೂ ಅಲ್ಲ, ಕೂಗೂ ಅಲ್ಲ; ಖಾಲಿ ಕೊಡ ಬಾವಿಯಲ್ಲಿ ಮುಳುಗುವಾಗ ಬರುತ್ತದಲ್ಲ, ಅಂಥದು. ಟಾಕೀಸಿನ ಮುಂದೆ ಮಂಡಕ್ಕಿ, ಮಿರ್ಚಿ ಮಾರುವ ವಿರುಪಮ್ಮನ ದನಿ. ಉಚ್ಚೆಂಗಪ್ಪನಿಗೆ ಹೊಟ್ಟೆಹುಣ್ಣು ಎಂದು ತಿಳಿದಂದಿನಿಂದ ದಿನಾ ಖಾರವಿಲ್ಲದ ಎರಡು ಆಲೂ ಬಜ್ಜಿ ಬೇರೆ ಎತ್ತಿಡುವ ಹೆಂಗಸು. ಅವಳ ಒಬ್ಬನೇ ಮಗ ಕನಕರಾಜ್ ಅದಿರು ಲಾರಿ ಓಡಿಸುತ್ತಿದ್ದ. ಬಂದರಿಗೆ ಹೋಗುವಾಗ ಘಟ್ಟದಲ್ಲಿ ಲಾರಿ ಹೊಳೆಗೆ ಉರುಳಿ ಆಗ ಒಂದೂವರೆ ತಿಂಗಳಾಗಿತ್ತು. ಕ್ಲೀನರ್ ಹೊರಗೆ ಹಾರಿ ಬದುಕಿದ. ಮಳೆಗಾಲದ ಹೊಳೆ ಕನಕರಾಜನನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆ ದನಿ ಕೇಳಿ ಉಚ್ಚೆಂಗಪ್ಪನ ಬಾಯಿ ತಾನಾಗಿ ತೆರೆಯಿತು. "ಅಂಜಬ್ಯಾಡ್ರಿ! ತಮ್ಮ ಸತ್ತಿಲ್ಲ. ಕೆಳಗ ಯಾರೋ ಪುಣ್ಯಾತ್ಮರು ಎತ್ಕೊಂಡಾರ. ಎರಡನೇ ಭಾಗದಾಗ ಬರ್ತಾನ!"

ಜನ ಸೀಟಿ ಹೊಡೆದರು. ವಿರುಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದು ಅವನಿಗೆ ಒಳ್ಳೆಯ ಕೆಲಸ ಮಾಡಿದೆನೆಂಬ ನೆಮ್ಮದಿಯಿಂದ ನಿದ್ದೆ ಬಂತು.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ದಾಯಾದಿಗಳು ತಿಥಿ ಮಾಡೋಣವೆಂದು ಬಂದರೆ ವಿರುಪಮ್ಮ, "ನೀರಿಗಿ ಬಿದ್ದವ್ರೆಲ್ಲಾ ಸಾಯಂಗಿಲ್ರಿ. ಉಚ್ಚೆಂಗಪ್ಪನ್ನ ಕೇಳ್ರಿ ಬೇಕಾದ್ರ" ಎಂದು ಕಳಿಸಿಬಿಟ್ಟಳು. ಬಜ್ಜಿ ಕೊಡುವಾಗೆಲ್ಲ ಒಂದೇ ಪ್ರಶ್ನೆ: "ಎರಡನೇದು ಯಾವಾಗಪ್ಪಾ?" ಅವಳೊಬ್ಬಳೇ ಅಲ್ಲ, ಊರಿಗೆ ಊರೇ ಕಾಯುತ್ತಿತ್ತು. ಈಗಂತೂ ಮಾಲೀಕ ಪಂಪಣ್ಣ ಆಟೋಕ್ಕೆ ಮೈಕ್ ಕಟ್ಟಿಸಿ, ಗಣಿಯ ಕ್ಯಾಂಪುಗಳಲ್ಲೆಲ್ಲ, "ತಮ್ಮ ಬಂದಾನ! ಬಂದು ನೋಡ್ರಿ!" ಎಂದು ಕೂಗಿಸುತ್ತಿದ್ದ.

ಉಚ್ಚೆಂಗಪ್ಪನಿಗೂ ಸಿಡಿಲಣ್ಣ ಮತ್ತೆ ಹಾರುವುದನ್ನು ನೋಡುವ ಆಸೆ. ಆ ಆಸೆಯ ಬೆನ್ನಿಗೇ ಪ್ರಿಂಟಿನ ಲಾರಿ ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂಬ ಹಾರೈಕೆ.

ಲಾರಿ ಕೆಡಲಿಲ್ಲ. ಡಬ್ಬಿಗಳು ಬಂದಿಳಿದ ಸಂಜೆ ವಿರುಪಮ್ಮನ ಸೊಸೆ ಸುಕನ್ಯಾ ಗೇಟಿನ ಹತ್ತಿರ ಬಂದು ನಿಂತಳು. ಇಪ್ಪತ್ತಮೂರರ ಹುಡುಗಿ. ತಾಳಿ, ಕುಂಕುಮ ಇದ್ದ ಹಾಗೇ ಇದ್ದವು.

"ಕಾಕಾ, ನಾಳೆ ತಮ್ಮ ಬರ್ತಾನೇನು?"

"ಇನ್ನಾ ಡಬ್ಬಿ ಬಿಚ್ಚಿಲ್ಲವ್ವಾ."

"ಬರೋದು ಬ್ಯಾಡ" ಎಂದಳು ಅವಳು. ಕಂಪ್ಲಿಯಲ್ಲಿ ಅವಳ ಅಣ್ಣ ಉಡಿಕೆಗೆ ಒಬ್ಬನನ್ನು ಗೊತ್ತುಮಾಡಿದ್ದ. ಅಕ್ಕಿ ಗಿರಣಿಯಲ್ಲಿ ಕೆಲಸ, ಹೆಂಡತಿ ತೀರಿಕೊಂಡವನು, ಸಮಾಧಾನದ ಮನುಷ್ಯ. ಅವರ ಜನದಲ್ಲಿ ಹೆಣ್ಣು ಉಡಿಕೆಯ ಸೀರೆ ಉಟ್ಟು ಎರಡನೇ ಮನೆ ಸೇರುವುದಕ್ಕೆ ಅಡ್ಡಿಯಿಲ್ಲ. ಆದರೆ ಗಂಡನ ಮನೆಯ ಹಿರಿಯರು ಬಾಯಿಬಿಟ್ಟು ಹೂಂ ಅನ್ನಬೇಕು. "ಅತ್ತಿ ಅನ್ನವಲ್ರು. ಮಗ ಬರ್ತಾನಂತ ಕುಂತಾರ. ಹೇಳದ ಓಡಿ ಹೋಗೋಣಂದ್ರ ಕಾಲು ಬರವಲ್ವು ಕಾಕಾ. ನನಗ ತಲಿನೋವು ಬಂದ್ರ ತಾವೇ ಎದ್ದು ಎಣ್ಣಿ ಹಚ್ಚೋ ಹೆಂಗಸು. ನೀವು ಬದುಕ್ಯಾನ ಅಂದ್ರಿ, ನಂಬಿದ್ರು. ನೀವೇ ಸತ್ತಾನ ಅನ್ರಿ."

"ನಾ ಅವತ್ತು ಒಳ್ಳೇದಕ್ಕಂತ..."

"ನನಗೂ ಅವತ್ತು ಖುಷಿ ಆಗಿತ್ತು. ಆರು ತಿಂಗಳು ನಾನೂ ನಂಬಿದ್ದೆ" ಎಂದು ಸುಕನ್ಯಾ ತಲೆ ತಗ್ಗಿಸಿದಳು. ಅವಳು ಬೈದಿದ್ದರೆ ಉಚ್ಚೆಂಗಪ್ಪನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಖಾಲಿ ಟಾಕೀಸಿನಲ್ಲಿ ಆಪರೇಟರ್ ಹೊನ್ನೂರಸ್ವಾಮಿ ಅವನಿಗಾಗಿ ಸಿನಿಮಾ ಓಡಿಸಿದ. ಸಿಡಿಲಣ್ಣ ಮೊದಲಿಗಿಂತ ಎತ್ತರಕ್ಕೆ ಹಾರಿದ. ಆದರೆ ನಗಲೇ ಇಲ್ಲ. ಹತ್ತನೇ ನಿಮಿಷಕ್ಕೆ ತನ್ನ ಮನೆಯ ಗೋಡೆಯ ಮೇಲಿದ್ದ ತಮ್ಮನ ಫೋಟೋದ ಮುಂದೆ ನಿಂತು ಏನೋ ಹೇಳಿದ. ಅದರಲ್ಲಿ 'ಡೆಡ್' ಎಂಬ ಮಾತಿತ್ತು. ಉಚ್ಚೆಂಗಪ್ಪನಿಗೆ ಆ ಮಾತು ಚೆನ್ನಾಗಿ ಗೊತ್ತು. ಗೆಸ್ಟ್ ಹೌಸಿನಲ್ಲಿ ಟಾರ್ಚಿನ ಬ್ಯಾಟರಿ ಹೋದರೂ ಅದೇ, ಫೋನು ಕೆಟ್ಟರೂ ಅದೇ. ಮುಂದೆ ತಮ್ಮನ ಸುದ್ದಿಯೇ ಇಲ್ಲ. ಗುಡ್ಡದಂಥ ರಾಕ್ಷಸನೊಬ್ಬ ಮುಕ್ಕಾಲು ಗಂಟೆ ಊರು ಒಡೆದ.

"ಇದೇನ್ಲೇ ಉಚ್ಚೆಂಗ್ಯಾ, ಬ್ಲಾಸ್ಟಿಂಗ್ ನೋಡಾಕ ರೊಕ್ಕ ಕೊಡಬೇಕೇನು? ನಮ್ಮ ಗುಡ್ಡದಾಗ ಪುಕ್ಕಟೆ ತೋರಿಸ್ತಾರ" ಎಂದು ಹೊನ್ನೂರಸ್ವಾಮಿ ಮೇಲಿನ ಕಿಂಡಿಯಿಂದ ಕೂಗಿದ. "ತಮ್ಮನ್ನ ಏನ್ ಮಾಡ್ತಿ?"

"ಇದ್ದದ್ದು ಇದ್ದಂಗ ಹೇಳ್ತೀನಿ."

"ರೂಢಿ ಐತೇನಪ್ಪಾ ನಿನಗ?"

ಮ್ಯಾಟಿನಿಗೆ ಕೂರಲು ಜಾಗವಿರಲಿಲ್ಲ. ವಿರುಪಮ್ಮ ಬಂಡಿಗೆ ಬಟ್ಟೆ ಮುಚ್ಚಿ, ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು ಬಂದಿದ್ದಳು. ಪಕ್ಕದಲ್ಲಿ ಸುಕನ್ಯಾ. ಪರದೆಯ ಮೇಲೆ ಫೋಟೋ ಬಂತು. ಉಚ್ಚೆಂಗಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕೇಳ್ರಿ... ಸಿಡಿಲಣ್ಣನ ತಮ್ಮ ತೀರಿಕೊಂಡಾನ. ಅವತ್ತು ನೀರಿಗಿ ಬಿದ್ದಾಗ್ಲೇ ತೀರಿಕೊಂಡ. ಹಿಂದಿನ ಸಲ ನಾ ಹೇಳಿದ್ದು ಸುಳ್ಳು."

ಮುಂದಿನ ಸಾಲಿನಿಂದ ಯಾರೋ, "ಕಣ್ಣು ಕಾಣವಲ್ವೇನೋ ನಿನಗ? ಫೋಟೋಕ್ಕ ಹಾರ ಎಲ್ಲೈತಿ?" ಎಂದ.

ಎಲ್ಲರೂ ನೋಡಿದರು. ಹೌದಲ್ಲ! ಹಾರವಿಲ್ಲ, ಗಾಜಿನ ಮೇಲೆ ಕುಂಕುಮವಿಲ್ಲ, ಮುಂದೆ ಕೆಂಪು ಬಲ್ಬೂ ಇಲ್ಲ.

"ಇದ್ದವ್ರ ಫೋಟೋ ಅದು!" ಇದು ವಿರುಪಮ್ಮ. ಎದ್ದು ನಿಂತಿದ್ದಳು.

"ಅವ್ರ ದೇಶದಾಗ ಹಾರ ಹಾಕಂಗಿಲ್ರಿ..."

"ಅಷ್ಟು ದೊಡ್ಡ ಮನಿ ಕಟ್ಯಾನ, ಒಂದು ಹಾರಕ್ಕ ಗತಿ ಇಲ್ಲೇನು?" ಎಂದ ಇನ್ನೊಬ್ಬ. ನಗೆ, ಸೀಟಿ. ಬಾಗಿಲಲ್ಲಿ ನಿಂತಿದ್ದ ಪಂಪಣ್ಣ ಮುಂದೆ ಹೇಳು ಎಂದು ಕೈ ಬೀಸಿದ. ಎರಡು ವರ್ಷ ಅವನ ಸುಳ್ಳನ್ನು ತಲೆಯ ಮೇಲೆ ಹೊತ್ತ ಜನ ಅವನ ನಿಜವನ್ನು ಎರಡು ನಿಮಿಷವೂ ಹೊರಲಿಲ್ಲ. ಉಚ್ಚೆಂಗಪ್ಪ ಸ್ಟೂಲಿನ ಮೇಲೆ ಕಟ್ಟಿಹಾಕಿದಂತೆ ಕೂತು ರಾಕ್ಷಸನ ಕಥೆ ಹೇಳಿದ. ತೆರೆಯ ಮೇಲೆ ಎಲ್ಲಿ ಬಾಗಿಲು ತೆರೆದರೂ ಜನ "ಬಂದ! ಬಂದ!" ಎನ್ನುತ್ತಿದ್ದರು. ಸಿಡಿಲಣ್ಣ ರಕ್ತ ಕಾರಿ ಬಿದ್ದ. ಆಗಲೂ ತಮ್ಮ ಬರಲಿಲ್ಲ. ದೀಪ ಹತ್ತಿದವು.

"ಹಾರೋದು ಮಸ್ತ್ ಐತಿ, ಆದ್ರ ಮೊದಲ್ನೇದರಂಗ ಜೀವ ಇಲ್ಲ ನೋಡು" ಎನ್ನುತ್ತ ಜನ ಹೊರಗೆ ಹೋದರು. ವಿರುಪಮ್ಮ ಕೂತೇ ಇದ್ದಳು. ಉಚ್ಚೆಂಗಪ್ಪ ಹತ್ತಿರ ಹೋದ.

"ಅಕ್ಕಾ, ನಾ ಇವತ್ತು ಹೇಳಿದ್ದು ಖರೇನ..."

"ಸುಮ್ಕಿರಪ್ಪಾ. ನೀ ಯಾಕ ಹಂಗಂದಿ ನನಗ ಗೊತ್ತಾತು." ಅವಳ ದನಿ ಮೆತ್ತಗಿತ್ತು. "ಬದುಕಿದ್ದೂ ಬರಲಿಲ್ಲ ಅನ್ನೋದಕ್ಕಿಂತ ಸತ್ತಾನ ಅನ್ನೋದು ಹಗುರ. ನನ್ನ ಮನಸ್ಸಿಗಿ ನೋವಾಗಬಾರ್ದಂತ ಹೇಳಿದಿ. ಭಾಳ ಒಳ್ಳೆ ಮನಸ್ಸು ನಿಂದು."

ಉಚ್ಚೆಂಗಪ್ಪ ಹಾಗಲ್ಲ ಎಂದು ಕೈ ಆಡಿಸಿದ.

"ಅಣ್ಣ ರಕ್ತ ಕಾರಿ ಬಿದ್ರೂ ಬರಲಿಲ್ಲಲ್ಲ. ಇಂಥೋನಿಗಿ ಎಷ್ಟಂತ ಕಾಯೋದು?" ಎಂದು ಅವಳು ಸೊಸೆಯ ಕಡೆ ತಿರುಗಿದಳು. "ಎರಡು ವರ್ಷ ನಿನ್ನ ಕೂಡಿಹಾಕಿದೆನವ್ವಾ, ಎಲ್ಲೋ ಆರಾಮ ಇರೋನ ಸಲುವಾಗಿ. ನಾಳಿ ಕಂಪ್ಲಿಗಿ ನಾನೇ ಕರ್ಕೊಂಡು ಹೋಗ್ತೀನಿ. ಸೀರಿ ನನ್ನ ಕೈಯಾರ ಉಡಿಸ್ತೀನಿ."

"ಅತ್ತೀ, ಅವ್ರು ಅಂಥೋರಲ್ರಿ" ಎಂದಳು ಸುಕನ್ಯಾ. ದಾರಿಯಲ್ಲಿ ಸಿಕ್ಕ ಸಿಕ್ಕ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನು ಮಾಡಿ ಅವ್ವ ಉಂಡಳೋ ಎಂದು ಕೇಳುತ್ತಿದ್ದ ಮಗ. ಅದು ಈ ಮೂವರಿಗೂ ಗೊತ್ತು.

"ಅಂಥೋನಲ್ದಿದ್ರ ಬರ್ತಿದ್ದಿಲ್ಲೇನು?"

ಸುಕನ್ಯಾ ಉಚ್ಚೆಂಗಪ್ಪನ ಮುಖ ನೋಡಿದಳು. 'ಸತ್ತಾನ' ಎಂಬ ಒಂದು ಮಾತು ಗಟ್ಟಿಯಾಗಿ ಹೇಳಿ, ಒತ್ತಿ ಒತ್ತಿ ಹೇಳಿ ನಂಬಿಸಿದರೆ ಕನಕರಾಜನ ಹೆಸರು ಉಳಿಯುತ್ತಿತ್ತು. ಮಗ ಅಂಥವನಲ್ಲ ಎಂಬುದನ್ನಷ್ಟೇ ನಂಬಿ ಸಾವನ್ನು ನಂಬದಿದ್ದರೆ ಮುದುಕಿ ಮತ್ತೆ ಕಾಯಲು ಕೂರುತ್ತಿದ್ದಳು, ಹುಡುಗಿಯೂ ಅವಳ ಪಕ್ಕದಲ್ಲಿ. ಅವನು ಬಾಯಿ ತೆರೆದ. ಹುಡುಗಿಯ ಕಣ್ಣು ಹೇಳು ಎಂದೂ ಅನ್ನುತ್ತಿತ್ತು, ಬೇಡ ಎಂದೂ ಅನ್ನುತ್ತಿತ್ತು. ಅವನು ಬಾಯಿ ಮುಚ್ಚಿದ.

ಅತ್ತೆ ಸೊಸೆ ಹೊರಟರು. ಮೆಟ್ಟಿಲಲ್ಲಿ ಸುಕನ್ಯಾ ಅತ್ತೆಯ ಮೊಣಕೈ ಹಿಡಿದುಕೊಂಡಳು.

ಸಂಜೆಯ ಆಟಕ್ಕೆ ಬೆಲ್ ಆಯಿತು. ಹೊಸ ಜನ ತುಂಬಿಕೊಂಡರು. ಹತ್ತನೇ ನಿಮಿಷಕ್ಕೆ ಫೋಟೋ ಬಂದಾಗ ಉಚ್ಚೆಂಗಪ್ಪ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡ.

"ಸಿಡಿಲಣ್ಣನ ತಮ್ಮ ಬದುಕ್ಯಾನ" ಎಂದ. "ಎಲ್ಲೋ ಅದಾನ. ಬರಂಗಿಲ್ಲ."