ಕಿಟಕಿಯನ್ನೂ ಸೇರಿಸಿದವರು

ಮೇಲ್ಮನೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಮೊದಲ ಸಾಲು ನಮ್ಮಂಥವರಿಗೆ ಸಿಗುವುದಿಲ್ಲ. ಆದರೆ ಅಲ್ಲಿನ ಕಾವಲಿನ ಹೆಂಗಸು ನನ್ನ ತಂಗಿಯ ಕೈಯಲ್ಲಿದ್ದ ಫೋಟೋ ನೋಡಿ, ಏನೂ ಕೇಳದೆ, ಕಟಕಟೆಯ ಪಕ್ಕದ ಎರಡು ಕುರ್ಚಿ ತೋರಿಸಿದಳು. ಫೋಟೋ ಒಳಗೆ ಒಯ್ಯುವಂತಿಲ್ಲ. "ಶಾಲೊಳಗೆ ಇಟ್ಕೊಳ್ಳಿ ಅಮ್ಮ, ನಾನು ನೋಡ್ಲಿಲ್ಲ" ಎಂದಳು.

ಫೋಟೋದಲ್ಲಿದ್ದವಳು ತಂಗಿಯ ದೊಡ್ಡ ಮಗಳು. ಬಟ್ಟೆ ಹೊಲಿಯುವ ಕಾರ್ಖಾನೆಯ ಮೂರನೆಯ ಮಹಡಿಯಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಬೆಂಕಿ ಬಿದ್ದ ದಿನ ಆ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೆಲಸದ ಹೊತ್ತಿನಲ್ಲಿ ಯಾರೂ ಎದ್ದು ಹೋಗಬಾರದು, ಬಟ್ಟೆ ಕದ್ದೊಯ್ಯಬಾರದು ಎಂದು ದಿನವೂ ಹಾಕುವ ಬೀಗ. ಆಮೇಲೆ ಗೋಡೆಗೆ ಬಣ್ಣ ಬಳಿದರು, ಹೊಸ ಯಂತ್ರ ತಂದರು, ಹೊಸ ಬೀಗವನ್ನೂ ತಂದರು. ತಂಗಿಯ ಚಿಕ್ಕ ಮಗಳು ಈಗ ಅದೇ ಮಹಡಿಯಲ್ಲಿ ತೋಳು ಹೊಲಿಯುತ್ತಾಳೆ. ಆ ಪಟ್ಟಣದಲ್ಲಿ ಬೇರೆ ಕೆಲಸವಿಲ್ಲ. ಅವಳು ಕೆಲಸಕ್ಕೆ ಹೋದ ಕೂಡಲೆ ನನ್ನ ತಂಗಿ ಬೀದಿ ಬಾಗಿಲು, ಹಿತ್ತಿಲ ಬಾಗಿಲು, ಬಚ್ಚಲ ಬಾಗಿಲು ಎಲ್ಲವನ್ನೂ ಹಾರುಹೊಡೆದಿಟ್ಟು ಕೂರುತ್ತಾಳೆ. ಮಗಳು ಮನೆ ಸೇರಿದ ಮೇಲೇ ಮುಚ್ಚುವುದು. ಚಳಿಗಾಲದಲ್ಲೂ ಅಷ್ಟೆ.

ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಜಡಿದವನು ಜೈಲಿಗೆ ಹೋಗಬೇಕು. ಮಸೂದೆಯಲ್ಲಿದ್ದದ್ದು ಇಷ್ಟೇ. ನಮ್ಮ ಕಡೆಯಿಂದ ಕೆಳಮನೆಗೆ ಗೆದ್ದುಹೋಗಿದ್ದ ವಕೀಲೆ ಅದನ್ನು ಮಂಡಿಸಿದ್ದಳು. ಅದಕ್ಕೂ ಮೊದಲು ತಂಗಿ ಅವಳ ಕಚೇರಿಯ ಮೆಟ್ಟಿಲ ಮೇಲೆ ಎಷ್ಟು ಸಲ ಕೂತಿದ್ದಳೆಂದರೆ, "ಅಮ್ಮಾ, ನಿಮ್ಮ ಕೈಯಿಂದ ತಪ್ಪಿಸ್ಕೊಳ್ಳೋದಕ್ಕಿಂತ ಕಾನೂನು ಮಾಡೋದೇ ಸುಲಭ" ಎಂದು ವಕೀಲೆ ನಕ್ಕಿದ್ದಳು. ಕೆಳಮನೆ ಹಿಂದಿನ ವಾರವೇ ಒಪ್ಪಿತ್ತು. ಇವತ್ತು ಮೇಲ್ಮನೆ ಇದ್ದದ್ದನ್ನು ಇದ್ದ ಹಾಗೇ ಒಪ್ಪಿದರೆ ಮಸೂದೆ ನೇರವಾಗಿ ಅಂಕಿತಕ್ಕೆ ಹೋಗುತ್ತದೆ.

"ಒಂದ್ಸಲ ಒಪ್ಪಿದ್ದನ್ನ ಮತ್ತೆ ಯಾಕಕ್ಕ ಒಪ್ಪಬೇಕು?" ತಂಗಿ ಪಿಸುಗುಟ್ಟಿದಳು.

ನಾನು ಶಾಲೆಯಲ್ಲಿ ಪೌರನೀತಿ ಕಲಿಸಿದವಳು. "ಕೆಳಮನೆಯವರನ್ನ ಜನ ನೇರವಾಗಿ ಆರಿಸ್ತಾರೆ, ಅವರಿಗೆ ಅವಸರ ಜಾಸ್ತಿ. ಇವರಿಗೆ ಆ ಬಿಸಿ ತಾಗಲ್ಲ. ನಿಧಾನವಾಗಿ ನೋಡಿ ತಪ್ಪಿದ್ರೆ ತಿದ್ದಲಿ ಅಂತ. ಅಕ್ಕೀನ ಎರಡು ಸಲ ಆರಿಸ್ತೀವಲ್ಲ, ಹಾಗೆ."

"ನೀನು ಎರಡನೇ ಸಲ ಆರಿಸೋವಾಗ ಕಲ್ಲಿನ ಜೊತೆ ಅಕ್ಕೀನೂ ಬಿಸಾಡ್ತೀಯ" ಎಂದಳು. ಕಾವಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕೆಳಗೆ ಒಬ್ಬೊಬ್ಬರಾಗಿ ಎದ್ದು ಮಸೂದೆಯನ್ನು ಹೊಗಳಿದರು. ಕೊನೆಗೆ ಎದ್ದವರು ಎಲ್ಲರೂ 'ಅಜ್ಜ' ಎನ್ನುವ ಹಿರಿಯ ಸದಸ್ಯರು. ಬೆಳಿಗ್ಗೆ ನಮಗಾಗಿ ಲಿಫ್ಟಿನ ಬಾಗಿಲು ಹಿಡಿದು ನಿಂತು, ತಂಗಿಯ ಮಂಡಿನೋವು ವಿಚಾರಿಸಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆ.

"ಬಾಗಿಲು ಮಾತ್ರ ಯಾಕೆ?" ಅವರು ಕಣ್ಣೊರೆಸಿಕೊಂಡರು. "ಬೆಂಕಿಗೆ ಹೆದರಿದ ಮಗು ಕಿಟಕಿಯ ಹತ್ತಿರವೂ ಓಡುತ್ತದೆ. 'ಬಾಗಿಲು' ಎಂದಿರುವ ಕಡೆ 'ಬಾಗಿಲು ಮತ್ತು ಕಿಟಕಿ' ಎಂದು ತಿದ್ದಬೇಕೆಂದು ಕೋರುತ್ತೇನೆ."

ಎರಡೂ ಪಕ್ಷದವರು ಮೇಜು ಕುಟ್ಟಿದರು. ತಂಗಿ ನನ್ನ ಮಣಿಕಟ್ಟು ಹಿಡಿದಳು. "ಕಿಟಕಿ ಅಂದ್ರು ಅಕ್ಕ. ಅವಳು ಸಿಕ್ಕಿದ್ದು ಕಿಟಕಿ ಹತ್ರಾನೇ."

ತಿದ್ದುಪಡಿಯೊಂದಿಗೆ ಮಸೂದೆಗೆ ಎಲ್ಲರೂ 'ಹೌದು' ಎಂದರು. 'ಇಲ್ಲ' ಎಂಬ ಒಂದು ದನಿಯೂ ಕೇಳಲಿಲ್ಲ. ತಂಗಿ ಫೋಟೋವನ್ನು ಶಾಲಿನಿಂದ ಈಚೆ ತೆಗೆದು, ಕೆಳಗಿನ ಸಭೆ ಕಾಣುವಂತೆ ಹಿಡಿದಳು, ಮಗಳಿಗೆ ತೋರಿಸುವವಳ ಹಾಗೆ. ಕಾವಲಿನವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಒಂದು ಅಕ್ಷರ ತಿದ್ದಿದರೂ ಮಸೂದೆ ಕೆಳಮನೆಗೆ ಮರಳಿ ಹೋಗಿ, ಅವರು ಮತ್ತೆ ಒಪ್ಪಬೇಕು. ನನಗೆ ಅದು ಗೊತ್ತಿತ್ತು. ಅದಕ್ಕೇನು, ಪಕ್ಕದ ಕಟ್ಟಡವೇ ತಾನೆ, ಸಂಜೆಯೊಳಗೆ ಆಗಿಬಿಡುತ್ತದೆ ಎಂದುಕೊಂಡೆ. ಆಗಲೇ ಎದುರಿನ ಗ್ಯಾಲರಿಯಲ್ಲಿದ್ದ ವಕೀಲೆ ಕಣ್ಣಿಗೆ ಬಿದ್ದಳು. ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

ಮೊಗಸಾಲೆಯಲ್ಲಿ ಅವಳು ನಮ್ಮ ಮುಖ ನೋಡದೆ ಹೇಳಿದಳು. "ನಮ್ಮ ಮನೆಯ ಕೊನೇ ಸಭೆ ಬೆಳಿಗ್ಗೇನೇ ಮುಗೀತಮ್ಮ. ಅರ್ಧ ಜನ ಪ್ರಚಾರಕ್ಕೆ ರೈಲು ಹತ್ತಿ ಆಯ್ತು. ಇನ್ನು ಚುನಾವಣೆ. ಕೆಳಮನೆ ವಿಸರ್ಜನೆ ಆದ್ರೆ ಅದರ ಮುಂದಿರೋ ಮಸೂದೆಗಳೆಲ್ಲ ಸತ್ತ ಹಾಗೆ. ಮತ್ತೆ ಮೊದಲಿಂದ."

"ಎಲ್ಲರೂ ಒಪ್ಪಿದ್ರಲ್ಲ?" ಎಂದಳು ತಂಗಿ.

"ಒಪ್ಪೇ ಕೊಂದ್ರು. 'ಇಲ್ಲ' ಅಂದಿದ್ರೆ ನಾಳೆ ಪೇಪರಲ್ಲಿ ಧಣಿಗಳ ಕಡೆಯವರು ಅಂತ ಹೆಸರು ಬರ್ತಿತ್ತು. ಕಿಟಕಿ ವಿಷಯ ಆಮೇಲೆ ನಿಯಮ ಬರೆಯೋವಾಗ ಸೇರಿಸೋಣ, ಈಗ ಏನೂ ಮುಟ್ಟಬೇಡಿ ಅಂತ ನಿನ್ನೆ ಅಜ್ಜನ್ನ ಬೇಡ್ಕೊಂಡೆ, ಕಾಲಿಗೆ ಬೀಳೋದೊಂದು ಬಾಕಿ. ತಲೆ ಸವರಿ, ಟೀ ಕುಡಿಸಿ ಕಳಿಸಿದ್ರು."

ಹಾಲು ಉಕ್ಕಿದರೆ ಒಲೆಗೇ ಸಮಾಧಾನ ಹೇಳುವವಳು ಎಂದು ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಆ ಮೊಗಸಾಲೆಯಲ್ಲಿ ನನ್ನ ಕಿವಿಯವರೆಗೆ ಬಿಸಿ ಏರಿತು. ಬೈದು ಕೊಲ್ಲುವವರನ್ನು ನೋಡಿದ್ದೆ. ಕಣ್ಣೊರೆಸಿಕೊಳ್ಳುತ್ತಾ ಕೊಲ್ಲುವವರನ್ನು ನೋಡಿರಲಿಲ್ಲ.

ಅಜ್ಜ ಊರುಗೋಲು ಕುಟ್ಟುತ್ತಾ ಈಚೆ ಬಂದರು. ತಂಗಿಯನ್ನು ನೋಡಿ, ಗೋಡೆಯ ಪಕ್ಕದ ಕುರ್ಚಿಯನ್ನು ತಾವೇ ಎಳೆದರು. "ಕೂತ್ಕೋ ತಾಯಿ, ಮಂಡಿ ನೋವು ನಿನಗೆ."

ನಾನು ಕೇಳಿದೆ: "ಕೆಳಮನೆ ಎದ್ದುಹೋಗಿದ್ದು ನಿಮಗೆ ಗೊತ್ತಿತ್ತಾ?"

"ನೋಡಿ, ಅವರು ದುಡುಕ್ತಾರೆ, ಕೊರತೆ ಬಿಡ್ತಾರೆ. ನಾವು ಪೂರ್ತಿ ಮಾಡ್ತೀವಿ. ಮೇಲ್ಮನೆ ಇರೋದೇ ಅದಕ್ಕೆ. ಒಳ್ಳೇ ಕಾನೂನಿಗೆ ತಾಳ್ಮೆ ಬೇಕು."

"ನಾನು ಕೇಳಿದ್ದು ಅದಲ್ಲ. ಗೊತ್ತಿತ್ತಾ?"

ಅವರು ಕನ್ನಡಕ ತೆಗೆದು ಒರೆಸಿದರು. ಅಷ್ಟು ಹೊತ್ತು ಒರೆಸುವಷ್ಟು ಧೂಳು ಅದರಲ್ಲಿರಲಿಲ್ಲ. "ಹೊಸ ಕೆಳಮನೆ ಬರುತ್ತಲ್ಲಮ್ಮ. ನಮ್ಮ ಮನೆಗೆ ವಿಸರ್ಜನೆ ಇಲ್ಲ. ನಾನಂತೂ ಇಲ್ಲೇ ಇರ್ತೀನಿ."

"ನೀವು ಇರ್ತೀರಿ. ಇವಳ ಇನ್ನೊಬ್ಬ ಮಗಳು ನಾಳೆ ಬೆಳಿಗ್ಗೆ ಆ ಬೀಗದೊಳಗೆ ಇರ್ತಾಳೆ." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿದರು. "ಕಿಟಕಿ ಅಂತ ಅತ್ತಿರಲ್ಲ, ಬಾಗಿಲನ್ನ ಯಾರಿಗೆ ಉಳಿಸಿಕೊಟ್ರಿ?"

ತಂಗಿ ಕೂತಿರಲಿಲ್ಲ. ಆ ಕುರ್ಚಿಯನ್ನು ಎತ್ತಿ ಅವರ ಕಾಲ ಬಳಿ ಇಟ್ಟಳು. "ನೀವೇ ಕೂತ್ಕೊಳ್ಳಿ ಅಜ್ಜ. ನಮ್ಮ ಮೂಗಿಗೆ ತುಪ್ಪ ಸವರಿ ಸುಸ್ತಾಗಿರಬೇಕು."

ಸಂಜೆಯ ರೈಲಿಗೆ ಊರಿಗೆ ಮರಳಿದೆವು. ಮನೆ ಹತ್ತಿರ ಬಂದಾಗ ಅವಳು, "ನಾಳೆ ಬಾಗಿಲು ತೆಗೆದಿಟ್ಕೊಂಡು ಮನೇಲಿ ಕೂರಲ್ಲ ಅಕ್ಕ" ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಬೆಳಿಗ್ಗೆ ಅವಳ ಅಡುಗೆಮನೆಯ ಮಡಚುವ ಕುರ್ಚಿಯನ್ನು ಹೊತ್ತು ಕಾರ್ಖಾನೆಗೆ ಹೋದೆವು. ಗೇಟಿನವನು ಕುರ್ಚಿ ನೋಡಿದ, ತಂಗಿಯ ಮುಖ ನೋಡಿದ, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಕಟ್ಟಿದ್ದ ದಾರವನ್ನೇ ಬಿಚ್ಚಿ ಕಟ್ಟುತ್ತಿದ್ದ. ಮೂರನೆಯ ಮಹಡಿಯಲ್ಲಿ ಹುಡುಗಿಯರೆಲ್ಲ ಒಳಗೆ ಹೋದ ಮೇಲೆ ನಾನು ಬಾಗಿಲ ಚೌಕಟ್ಟಿನ ನಡುವೆ ಕುರ್ಚಿ ಬಿಡಿಸಿ ಕೂತೆ, ಅದರ ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ ಬರುವಂತೆ. ತಂಗಿ ಪಕ್ಕದಲ್ಲಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು.

"ದೊಡ್ಡಮ್ಮಾ! ಅಮ್ಮಾ! ಏನಿದು?" ಚಿಕ್ಕ ಮಗಳು ಓಡಿಬಂದಳು.

ಬೀಗ ಹಿಡಿದು ಬಂದ ಮೇಸ್ತ್ರಿ ತಬ್ಬಿಬ್ಬಾದ. "ಅಜ್ಜೀ, ಏಳಿ. ಬಾಗಿಲು ಹಾಕ್ಬೇಕು."

"ಹಾಕಪ್ಪ. ನಾನು ನಡುವೆ ಇದೀನಿ, ನೋಡ್ಕೊಂಡು ಹಾಕು."

"ಇಲ್ಲಿ ಕೂರಬಹುದು ಅಂತ ಯಾವ ಕಾನೂನಲ್ಲಿದೆ?"

"ಯಾವುದರಲ್ಲೂ ಇಲ್ಲ. ಇದ್ದಿದ್ರೆ ನಾನ್ಯಾಕೆ ಬರ್ತಿದ್ದೆ?"

ಅವನು ಬಾಗಿಲನ್ನು ಒಮ್ಮೆ ತಳ್ಳಿ ನೋಡಿದ. ನನ್ನ ಮೊಣಕೈಗೆ ಬಡಿಯಿತು. ಅವನ ಮುಖದಲ್ಲಿ ಗಾಬರಿ ಕಂಡಿತು. ಕೆಟ್ಟವನಲ್ಲ, ಬೀಗ ಹಾಕುವ ಕೆಲಸದವನು. ಆದರೆ ಇವತ್ತು ನನ್ನ ಬಳಿ ಯಾರಿಗೂ ಸಮಾಧಾನದ ಮಾತಿರಲಿಲ್ಲ. "ಧಣಿಗಳನ್ನೇ ಕರೀತೀನಿ" ಎಂದು ಮೆಟ್ಟಿಲಿಳಿದ.

"ಎಷ್ಟು ದಿನ ಹೀಗೆ ಕೂರ್ತೀರಾ ದೊಡ್ಡಮ್ಮ?" ಮಗಳ ಕಣ್ಣು ತುಂಬಿತ್ತು.

"ಚುನಾವಣೆ ಆಗಿ, ಹೊಸ ಕೆಳಮನೆ ಒಪ್ಪಿ, ಆಮೇಲೆ ಮೇಲ್ಮನೆ ನಿಧಾನವಾಗಿ ಯೋಚನೆ ಮಾಡೋ ತನಕ."

ಅವಳು ಒಳಗೆ ಹೋಗಿ ಚೂರು ಬಟ್ಟೆಗಳ ಒಂದು ಗಂಟು ತಂದು ನನ್ನ ಬೆನ್ನಿಗೆ ಒತ್ತುಕೊಟ್ಟಳು. "ಹಾಗಾದ್ರೆ ಸರಿಯಾಗಿ ಕೂತ್ಕೊಳ್ಳಿ" ಎಂದಳು.

ಕೆಳಗಿನಿಂದ ಬೂಟುಗಳ ಸದ್ದು ಮೇಲೆ ಬರತೊಡಗಿತು, ಒಬ್ಬಿಬ್ಬರದಲ್ಲ. ನನ್ನ ಹಿಂದೆ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಹುಡುಗಿಯರು ಎದ್ದ ಸಪ್ಪಳ ಕೇಳಿಸಿತು. ನಾನು ಏಳಲಿಲ್ಲ.