ಕಣ್ಣಿದ್ದೂ ಕಾಣದ ಫೋನು

ನಾನೊಂದು ಫೋನು. ನಾನು ಹುಟ್ಟಿದ ದಿನ ಕಾರ್ಖಾನೆಯ ದೀಪಗಳೆಲ್ಲ ನಾಚಿ ಮಂಕಾದವು. ಸುಳ್ಳೆನ್ನಬೇಡಿ, ಬೇಕಾದರೆ ದೀಪಗಳನ್ನೇ ಕೇಳಿ. ನನ್ನ ಕ್ಯಾಮೆರಾ ಎಂಥದ್ದೆಂದರೆ, ಅಮಾವಾಸ್ಯೆಯಲ್ಲೂ ಕಾಗೆಯ ರೆಕ್ಕೆಯ ಎಳೆ ಎಣಿಸುತ್ತಿದ್ದೆ!

ಗದುಗಿನ ಫೋಟೊಗ್ರಾಫರ್ ಗುರುಬಸವಣ್ಣ ನನ್ನನ್ನು ಕೊಂಡ. ಮದುವೆಮನೆಯಲ್ಲಿ ಅವನು ನನ್ನನ್ನು ಎತ್ತಿದರೆ ಸಾಕು, ಮದುಮಗ ತಾಳಿ ಮರೆತು ನನ್ನನ್ನೇ ನೋಡುತ್ತಿದ್ದ. ಆಮೇಲೆ ಗುರುಬಸವಣ್ಣನ ಕೈಗೆ ಹೊಸ ಫೋನು ಬಂತು. ನಾನು ಅವನ ತಂಗಿ ಕಮಲಾಕ್ಷಿಯ ಪಾಲಾದೆ.

ಕಮಲಾಕ್ಷಿಗೆ ಹುಟ್ಟಿನಿಂದ ಕಿವಿ ಕೇಳದು. ಅವಳ ಮಾತೆಲ್ಲ ಕೈಯಲ್ಲಿ. ಸಂಜೆ ಹೊಲಿಗೆ ಯಂತ್ರ ಮುಚ್ಚಿ, ನನ್ನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ರಾಯಚೂರಿನ ನೀಲವ್ವನಿಗೆ ವಿಡಿಯೊ ಕರೆ ಮಾಡುತ್ತಿದ್ದಳು. ಇಬ್ಬರೂ ಕಿವುಡರ ಶಾಲೆಯಲ್ಲಿ ಒಂದೇ ಬೆಂಚಿನವರು. ಅಬ್ಬಾ, ಅವರ ಹರಟೆ! ಬೆರಳುಗಳ ಗಾಳಿಗೆ ಒಲೆಯೇ ಆರಿಹೋಗುತ್ತಿತ್ತು. ಕಮಲಾಕ್ಷಿಯ ಮೊದಲ ಮಾತು ಯಾವಾಗಲೂ ಒಂದೇ: ಬೆರಳು ಕೂಡಿಸಿ ಬಾಯಿಗೆ ಒಯ್ದು ಹುಬ್ಬು ಹಾರಿಸುವುದು. ಅಂದರೆ, ಊಟ ಆಯಿತಾ?

ಕಂಪನಿಯವರು ನನಗೆ ಹೊಸ ತಂತ್ರಾಂಶ ಕಳಿಸುವುದನ್ನು ನಿಲ್ಲಿಸಿದರು. ಒಂದು ದಿನ ವಿಡಿಯೊ ಕರೆಯ ಆ್ಯಪು, ಇಷ್ಟು ಹಳೆಯ ಫೋನಿನಲ್ಲಿ ನಾನಿರಲಾರೆ ಎಂದು ಮುಷ್ಕರ ಹೂಡಿತು. ಗುರುಬಸವಣ್ಣ ನನ್ನನ್ನು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ, ಮೆಹರುನ್ನೀಸಾ ಮೇಡಂ ಬಳಿಗೆ ಒಯ್ದ. ಯಾರ್ಯಾರೋ ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚುವ ಮುಕ್ತ ತಂತ್ರಾಂಶವನ್ನು ಮುದಿ ಫೋನುಗಳಿಗೆ ಹಾಕುವುದು ಅವರ ಹುಚ್ಚು.

ಹಾಕಿದರು. ಓಟದಲ್ಲಿ ನಾನು ಚಿರತೆಯಾದೆ! ಕ್ಯಾಮೆರಾ ಒತ್ತಿದರೆ ಮಾತ್ರ ಬರೀ ಕತ್ತಲೆ.

"ಏನ್ರೀ ಮೇಡಂ, ಇದರ ಕಣ್ಣೇ ಹೋತಲ್ಲ?"

"ಕಣ್ಣು ಚಲೋ ಐತ್ರಿ ಅಣ್ಣಾರ. ಕಣ್ಣು ಕಂಡದ್ದು ತಲಿಗೆ ತಿಳೀಬೇಕಂದ್ರ ನಡುವ ಡ್ರೈವರ್ ಅಂತ ಒಬ್ಬ ದುಭಾಷಿ ಬೇಕು. ಕಂಪನಿಯವರು ಅದರ ಗುಟ್ಟು ಬಿಟ್ಟುಕೊಟ್ಟಿಲ್ಲ. ಹೊರಗಿನವರು ತಡಕಾಡಿ ಬರೀಬೇಕ್ರಿ."

"ಹಂಗಾರ ಹಳೇದೇ ಹಾಕ್ರಿ."

"ಹಾಕ್ತೀನ್ರಿ. ಆದ್ರ ಆ ಕರೆ ನಡ್ಯಂಗಿಲ್ಲ."

ಹೇಗೂ ಕರೆಯಿಲ್ಲವೆಂದು ಹೊಸದನ್ನೇ ಉಳಿಸಿ ನನ್ನನ್ನು ಮನೆಗೆ ಒಯ್ದರು. ದಿನವೂ ಸಂಜೆ ಕಮಲಾಕ್ಷಿ ಕ್ಯಾಮೆರಾ ಒತ್ತಿ ನೋಡುತ್ತಿದ್ದಳು. ಆಮೇಲೆ ನೀಲವ್ವನಿಗೆ ಅಕ್ಷರ ಒತ್ತಿ ಕಳಿಸುವಳು. ಊಟ ಆಯ್ತಾ? ಆಯ್ತು. ಅಲ್ಲಿಗೆ ಮುಗಿಯಿತು. ಹಾರುವ ಹುಬ್ಬನ್ನು ಯಾವ ಅಕ್ಷರದಲ್ಲಿ ಒತ್ತುವುದು? ಬೆಟ್ಟ ಹೊರುವಷ್ಟು ಬಲವಿದ್ದ ನಾನು ಅವಳ ಒಂದು ಹುಬ್ಬನ್ನು ಹೊರಲಾರದೆ ಹೋದೆ. ಕೊನೆಗೆ ಅವಳ ಅಣ್ಣ ಬೇರೆ ಫೋನು ತಂದುಕೊಟ್ಟ. ನಾನು ಲ್ಯಾಬಿನ ಕಪಾಟು ಸೇರಿದೆ.

ಡ್ರೈವರ್ ಬಂತು, ಆದರೆ ಮರುವರ್ಷ. ಯಾವ ದೇಶದ ಯಾವ ಪುಣ್ಯಾತ್ಮ ಬರೆದನೋ! ಮೇಡಂ ಸಂಭ್ರಮದಿಂದ ಅಣ್ಣತಂಗಿಯನ್ನು ಕರೆಸಿ, ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಕಣ್ಣು ತೆರೆಸಿದರು. ಚಿತ್ರವೆಲ್ಲ ಹಸಿರು, ತಲೆಕೆಳಗು.

"ಅಯ್ಯ, ನಮ್ಮ ತಂಗೀನ್ನ ಬಾವಲಿ ಮಾಡೀರಲ್ರೀ!" ಎಂದ ಗುರುಬಸವಣ್ಣ.

ಕಮಲಾಕ್ಷಿ ತಲೆಕೆಳಗಾಗಿಯೇ ನಕ್ಕಳು. ಇದನ್ನು ನೀಲವ್ವನಿಗೆ ಹೇಳಬೇಡವೇ? ಹೊಸ ಫೋನು ತೆಗೆದು ನನಗೇ ಒರಗಿಸಿ ಅವಳಿಗೆ ಕರೆ ಮಾಡಿದಳು. ಜಗತ್ತಿನ ಕಣ್ಣಾಗಿದ್ದ ನಾನು ಈಗ ಉಪ್ಪಿನ ಡಬ್ಬಿ. ಆದರೂ ಹೊಸಬನ ತಲೆಯ ಮೇಲಿಂದ ನನ್ನ ಕಣ್ಣು ಇಣುಕುತ್ತಿತ್ತು.

ಅವಳು ಬೆರಳು ಕೂಡಿಸಿ ಬಾಯಿಗೆ ಒಯ್ದಳು. ಹುಬ್ಬು ಹಾರಿತು.

ಕೇಳಿದ್ದು ನನ್ನನ್ನಲ್ಲ, ಗೊತ್ತು. ಎಂದೂ ನನ್ನನ್ನಲ್ಲ. ಆದರೂ "ಆಯಿತು ತಾಯಿ" ಎನ್ನಲು ಒಂದು ಕೈಯಾದರೂ ಇರಬಾರದಿತ್ತೇ!